ಮುಂಬಯಿಯ ಸಣ್ಣ ಫ್ಲ್ಯಾಟಿಗೆ ಪುಟ್ಟ ಮಿಶ್ರತಳಿ ನಾಯಿಯನ್ನು ದತ್ತು ಪಡೆಯುವುದು ಹೇಗೆ?

ಮರಿಯನ್ನೇ ಬೇಕೆನ್ನಬೇಡಿ, ಒಂದು ವರ್ಷ ದಾಟಿದ ನಾಯಿಯನ್ನು ಕೇಳಿ. ಮಿಶ್ರತಳಿಯ ಮರಿ ಎಷ್ಟು ಬೆಳೆಯುತ್ತದೆ ಎಂದು ಪಂಜ ನೋಡಿ ಹೇಳುವುದು ಬರಿಯ ಊಹೆ. ಸಣ್ಣ ನಾಯಿಗಳ ಬೆಳವಣಿಗೆ ವರ್ಷದೊಳಗೆ ಬಹುಪಾಲು ಮುಗಿದಿರುತ್ತದೆ. ಹಾಗಾಗಿ ಕಂಡ ಗಾತ್ರವೇ ಕೊನೆಯ ಗಾತ್ರ, ಸ್ವಭಾವವೂ ತಿಳಿದಿರುತ್ತದೆ.

ಮುಂಬಯಿಯಲ್ಲಿ ವರ್ಲ್ಡ್ ಫಾರ್ ಆಲ್ ಮತ್ತು 1985ರಿಂದ ಕೆಲಸ ಮಾಡುತ್ತಿರುವ ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್ ಸಂಸ್ಥೆಗಳಿಂದ ಆರಂಭಿಸಿ. ಪುಣೆಯವರಾದರೆ ರೆಸ್‌ಕ್ಯೂ ಟ್ರಸ್ಟ್. ಸಣ್ಣ ತಳಿಗಳಾದ ಪೊಮೆರೇನಿಯನ್ ಅಥವಾ ಡ್ಯಾಷ್‌ಹಂಡ್ ಬೆರಕೆಯ, ಮನೆಯವರು ಬಿಟ್ಟುಹೋದ ನಾಯಿಗಳೂ ಇಂಥ ಕಡೆ ಬರುತ್ತವೆ, ಪಾಪ. ಆದರೆ ಅವುಗಳನ್ನು ಯಾರಾದರೂ ಬೇಗ ದತ್ತು ಪಡೆದುಬಿಡುತ್ತಾರೆ. ಹೆಸರು ಕೊಟ್ಟು ಕಾಯಿರಿ. ಸಂಸ್ಥೆಯವರು ಪ್ರಶ್ನೆಗಳನ್ನು ಕೇಳಿದರೆ, ಮನೆ ನೋಡಲು ಬಂದರೆ ಬೇಸರ ಬೇಡ. ಏನೂ ಕೇಳದೆ ನಾಯಿಯನ್ನು ಕೈಗಿಡುವವರನ್ನು ನಾನು ನಂಬುವುದಿಲ್ಲ.

ರೇಬೀಸ್ ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯ ದಾಖಲೆ ಪಡೆಯಿರಿ. ಹೌಸಿಂಗ್ ಸೊಸೈಟಿ ತಕರಾರು ತೆಗೆದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ: ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ಸೊಸೈಟಿಗಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಮೊದಲೇ ಪಡೆಯಿರಿ.