ಕ್ರಯಪತ್ರದ ಆ ಒಂದು ಸಾಲು

ಶಿವಮೊಗ್ಗದಲ್ಲಿ ಟೀಚರ್ ಆಗಿ ನಿವೃತ್ತರಾದ ಓದುಗರೊಬ್ಬರು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆಯಿಂದ ಬರೆದಿದ್ದಾರೆ. ಪಕ್ಕದ ಮನೆಯ ಬಿಳಿ ಹೆಂಗಸು ಅವರನ್ನು ಚರ್ಚಿನ ಒಂದು ಕೂಟಕ್ಕೆ ಕರೆದುಕೊಂಡು ಹೋದರಂತೆ. ಏಳೆಂಟು ಜನ ಬಿಳಿಯರು ಸುತ್ತ ಕೂತು, ಬಿಳಿಯರಾಗಿ ಹುಟ್ಟಿದ್ದರಿಂದ ತಮಗೆ ಏನೇನು ಸಿಕ್ಕಿತು ಅಂತ ಮಾತಾಡಿದರಂತೆ. ತಾತ ಕೊಂಡ ಮನೆಯ ಪತ್ರದಲ್ಲಿ ‘ಕಪ್ಪು ಜನರಿಗೆ ಮಾರಕೂಡದು’ ಎಂಬ ಷರತ್ತು ಸಿಕ್ಕಿದ್ದನ್ನು ಹೇಳುತ್ತಾ ಪಕ್ಕದ ಮನೆಯಾಕೆ ಅತ್ತೇಬಿಟ್ಟರಂತೆ. ಓದುಗರ ಪ್ರಶ್ನೆ ಇದು: “ತಾತ ಮಾಡಿದ್ದಕ್ಕೆ ಮೊಮ್ಮಗಳು ಅತ್ತು ಏನು ಬಂತು? ‘ನಾವು ಬಿಳಿಯರು’ ಅಂತ ಗುಂಪು ಕಟ್ಟಿ ಕೂರೋದೇ ಒಂದು ವರ್ಣಭೇದ ಅಲ್ವಾ? ಹೇಗೂ ನಾವು ಬಿಳಿಯರೂ ಅಲ್ಲ, ಕಪ್ಪು ಜನರೂ ಅಲ್ಲ. ನಮಗೇಕೆ ಈ ಉಸಾಬರಿ?”

ಮೇಡಂ, ನಮಸ್ಕಾರ.

ಅಳುವಿನ ವಿಷಯದಲ್ಲಿ ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಯಾರೋ ಅಳುವಾಗ ಟಿಶ್ಯೂ ಡಬ್ಬ ಹಿಡಿದು ಕೂರುವುದು ಕಷ್ಟ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಣ್ಣೀರಲ್ಲ, ಆ ಮನೆಯ ಪತ್ರ.

ನೀವಿರುವ ಊರಿನಲ್ಲಿ ಇಂಥ ಷರತ್ತು ಮೊದಲು ಕಾಣಿಸಿದ್ದು 1910ರಲ್ಲಿ. ಈ ಜಾಗವನ್ನು ಚೀನೀಯರಿಗೆ, ಜಪಾನೀಯರಿಗೆ, ಮೂರ್ ಜನರಿಗೆ (ಉತ್ತರ ಆಫ್ರಿಕಾದ ಮುಸ್ಲಿಮರು), ತುರ್ಕರಿಗೆ, ನೀಗ್ರೋಗಳಿಗೆ, ಮಂಗೋಲರಿಗೆ, ಆಫ್ರಿಕಾ ಮೂಲದವರಿಗೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ದಿನಸಿ ಚೀಟಿ ಬರೆದಷ್ಟು ಸಲೀಸಾಗಿ ಬರೆದಿದ್ದಾರೆ. ಅಲ್ಲಿನ ಮಿನೆಸೋಟ ವಿಶ್ವವಿದ್ಯಾಲಯದವರು 2016ರಿಂದ ಹಳೆಯ ದಾಖಲೆಗಳನ್ನು ಜಾಲಾಡಿ ನಕ್ಷೆ ಮಾಡಿದ್ದಾರೆ. ಮಿನಿಯಾಪೊಲಿಸ್ ಒಂದರಲ್ಲೇ 8,000ಕ್ಕೂ ಜಾಸ್ತಿ ಇಂಥ ಪತ್ರಗಳು ಸಿಕ್ಕಿವೆ.

ಷರತ್ತು ಇಲ್ಲದ ಕಡೆ ಜನರೇ ಷರತ್ತಾದರು. 1931ರಲ್ಲಿ ಆರ್ಥರ್ ಲೀ, ಈಡಿತ್ ಲೀ ಎಂಬ ಕಪ್ಪು ದಂಪತಿ ಆ ಊರಿನ ಕೊಲಂಬಸ್ ಅವೆನ್ಯೂನಲ್ಲಿ ಒಂದು ಪುಟ್ಟ ಮನೆ ಕೊಂಡರು. ಆರ್ಥರ್ ಅಂಚೆ ಇಲಾಖೆಯ ನೌಕರ, ಮೊದಲ ಮಹಾಯುದ್ಧದಲ್ಲಿ ಕೆಲಸ ಮಾಡಿ ಬಂದವರು. ಸಾವಿರಾರು ಜನ ಸೇರಿ ರಾತ್ರಿಯೆಲ್ಲ ಆ ಮನೆಯ ಸುತ್ತ ಕೂಗಾಡಿದರು, ಕಲ್ಲು ತೂರಿದರು. ಒಳಗೆ ಅವರ ಪುಟ್ಟ ಮಗಳೂ ಇದ್ದಳು. 2020ರಲ್ಲಿ ಪೊಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಉಸಿರು ನಿಂತ ಜಾಗ ಆ ಮನೆಯಿಂದ ಸುಮಾರು ಒಂದು ಮೈಲಿ. ಮಗಳ ಕಾರಿನಲ್ಲಿ ಆ ಕಡೆ ಹೋದರೆ ಎರಡನ್ನೂ ನೋಡಿ ಬನ್ನಿ.

ಈಗ ನಿಮ್ಮ ಪಕ್ಕದ ಮನೆಯಾಕೆಯ ತಾತನ ಮಾತಿಗೆ ಬರೋಣ. ಅವರು ಒಳ್ಳೆಯ ಮನುಷ್ಯರೇ ಇರಬಹುದು. ಜೀವಮಾನದಲ್ಲಿ ಒಬ್ಬ ಕಪ್ಪು ಮನುಷ್ಯನನ್ನೂ ಬೈದಿರಲಿಕ್ಕಿಲ್ಲ. ಬೈಯುವ ಅಗತ್ಯವೇ ಬರಲಿಲ್ಲವಲ್ಲ! ಅವರ ಪರವಾಗಿ ಆ ಕೆಲಸವನ್ನು ಕಾಗದ ಮಾಡಿತು. 1934ರಲ್ಲಿ ಶುರುವಾದ ಸರ್ಕಾರಿ ಗೃಹಸಾಲ ವಿಮೆ ಇಂಥ ಷರತ್ತು ಇರುವ ಬಡಾವಣೆಗಳೇ ಮೇಲು ಎನ್ನುತ್ತಿತ್ತು. ಬಿಳಿಯರಿಗೆ ಸಲೀಸಾಗಿ ಸಾಲ ಸಿಕ್ಕಿತು, ಮನೆಯ ಬೆಲೆ ಏರಿತು, ಅದು ಮಗನಿಗೆ ಬಂತು, ಮೊಮ್ಮಗಳಿಗೆ ಬಂತು. ಅದೇ ಕಾಲದಲ್ಲಿ ಊರಿನ ಇನ್ನೊಂದು ಮೂಲೆಯಲ್ಲಿ ಬಾಡಿಗೆ ಕಟ್ಟಿಯೇ ಸತ್ತ ಇನ್ನೊಬ್ಬ ತಾತನ ಮೊಮ್ಮಗಳಿಗೆ ಏನೂ ಬರಲಿಲ್ಲ. ಹಾಗಾಗಿ ‘ತಾತ ಮಾಡಿದ ತಪ್ಪು’ ಅನ್ನುವುದಕ್ಕಿಂತ ‘ತಾತನಿಂದ ಬಂದ ಆಸ್ತಿ’ ಅನ್ನಿ. ಲೆಕ್ಕ ಸರಿಹೋಗುತ್ತದೆ.

‘ನಾವು ಬಿಳಿಯರು’ ಅಂತ ಕೂರುವುದೇ ವರ್ಣಭೇದವಲ್ಲವೇ ಎಂದಿರಿ. ಹಾಗೆ ಎದೆ ಉಬ್ಬಿಸಿ ಕೂರುವವರೂ ಅಲ್ಲಿದ್ದಾರೆ, ಅವರ ಮಾತು ಬೇರೆ. ಈ ಕೂಟದವರು ಮಾಡುತ್ತಿರುವುದು ಅದರ ತಿರುಗಾ ಮುರುಗಾ. ನಮ್ಮ ಹಳ್ಳಿ ನೆನೆಸಿಕೊಳ್ಳಿ. ಊರಿನಲ್ಲಿರುವವರಿಗೆ ತಾವಿರುವುದು ಬರೀ ಊರು. ಹೆಸರು, ಗುರುತು ಎಲ್ಲ ಕೇರಿಗೆ ಮಾತ್ರ. ಊರಿನವನು ‘ನನಗೆ ಜಾತಿಯೇ ನೆನಪಿರೋದಿಲ್ಲ’ ಅಂತ ಆರಾಮಾಗಿ ಹೇಳಬಲ್ಲ. ಕೇರಿಯವನಿಗೆ ಹೋಟೆಲಿನ ಲೋಟವೇ ಅದನ್ನು ನೆನಪಿಸುತ್ತಿತ್ತು. ತಾವು ‘ಬರೀ ಮನುಷ್ಯರು’ ಅಂದುಕೊಂಡಿದ್ದವರು ಒಂದು ದಿನ ‘ಅಲ್ಲ, ನಾವೂ ಒಂದು ಗುಂಪು, ನಮಗೂ ಒಂದು ಗುರುತು ಇತ್ತು, ಅದರಿಂದ ಲಾಭವೂ ಇತ್ತು’ ಅಂತ ನೋಡಿಕೊಂಡರೆ ಅದನ್ನು ಭೇದ ಅನ್ನಲಾರೆ.

ಇನ್ನು ನಮಗೇಕೆ ಉಸಾಬರಿ ಎಂಬುದು. ಇದಕ್ಕೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1790ರ ಕಾನೂನಿನಂತೆ ಅಮೆರಿಕಕ್ಕೆ ಬಂದವರಲ್ಲಿ ಪೌರತ್ವ ಸಿಗುತ್ತಿದ್ದದ್ದು ಸ್ವತಂತ್ರ ಬಿಳಿಯರಿಗೆ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು. 1922ರಲ್ಲಿ ತಕಾವೊ ಓಜಾವಾ ಎಂಬ ಜಪಾನೀ ಮನುಷ್ಯ ‘ನನ್ನ ಚರ್ಮ ಬಿಳಿ’ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಚರ್ಮದ ಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಅಂದರೆ ಕಕೇಸಿಯನ್ ಕುಲದವನು ಎಂದಿತು ಕೋರ್ಟು. ಅಂದಿನ ಕುಲಶಾಸ್ತ್ರ ಯುರೋಪಿನವರ ಜೊತೆ ಉತ್ತರ ಭಾರತದವರನ್ನೂ ಸೇರಿಸುತ್ತಿದ್ದ ಗುಂಪು ಅದು. ಮೂರೇ ತಿಂಗಳಲ್ಲಿ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಂದರು. ಆರ್ಥರ್ ಲೀ ಹಾಗೆ ಇವರೂ ಅಮೆರಿಕದ ಸೈನ್ಯದಲ್ಲಿದ್ದವರು. ‘ಸರಿ, ನಾನು ಕಕೇಸಿಯನ್, ಆರ್ಯ’ ಎಂದರು. ಅದೇ ನ್ಯಾಯಮೂರ್ತಿ, ಜಾರ್ಜ್ ಸದರ್‌ಲ್ಯಾಂಡ್, ಈಗ ಬರೆದದ್ದು: ಕುಲದ ಶಾಸ್ತ್ರ ಬೇಡ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ. ನಿಮ್ಮನೆಗೆ ಬಂದ್ರೆ ಏನು ಕೊಡ್ತೀಯ, ನಮ್ಮನೆಗೆ ಬಂದ್ರೆ ಏನು ತರ್ತೀಯ ಅಂದ ಹಾಗಾಯಿತು.

ನಗು ಬರುತ್ತದೆ ಅಲ್ವಾ? ಆದರೆ ಥಿಂಡ್ ಪರ ವಾದವನ್ನು ಓದಿದರೆ ನಗು ನಿಲ್ಲುತ್ತದೆ. ಮೇಲ್ಜಾತಿಯ ಹಿಂದೂ ಎಂದೇ ಅವರನ್ನು ಮುಂದಿಟ್ಟಿದ್ದರು. ಮದುವೆ ಸಂಬಂಧದ ಮಟ್ಟಿಗೆ ಅಮೆರಿಕದವರು ನೀಗ್ರೋಗಳನ್ನು ಹೇಗೆ ನೋಡುತ್ತಾರೋ, ಮೇಲ್ಜಾತಿಯವರು ನಾಡಿನ ಮೂಲ ಜನರನ್ನು ಹಾಗೆಯೇ ನೋಡುತ್ತಾರೆ ಎಂಬುದು ವಾದ. ಅಂದರೆ, ನಿಮ್ಮ ಹಾಗೆ ನಾವೂ ಬೇರೆಯವರನ್ನು ದೂರ ಇಡುತ್ತೇವೆ, ಆದ್ದರಿಂದ ನಮ್ಮನ್ನು ಒಳಗೆ ಬಿಡಿ. ನಾವು ಆ ಬಾಗಿಲಿನ ಹೊರಗೆ ಸುಮ್ನೆ ನಿಂತವರಲ್ಲ ಮೇಡಂ. ಜಾತಿಯ ಚೀಟಿ ಹಿಡಿದು ಬಾಗಿಲು ತಟ್ಟಿದವರು. ಬಾಗಿಲು ತೆರೆಯಲಿಲ್ಲ. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1946ರಲ್ಲಿ. ತಮಾಷೆ ನೋಡಿ, 1970ರ ಅಮೆರಿಕ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೇ ಸೇರಿಸಿದ್ದರು. ಬೇರೆ ಕಾಲಂ ಬಂದದ್ದು 1980ರಲ್ಲಿ.

ನನ್ನದೂ ಒಂದು ಇದೆ. ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ಅಪ್ಪ ಯಾರಿಗೂ ಬಾಯಿಬಿಟ್ಟು ‘ಇಲ್ಲ’ ಅಂದವರಲ್ಲ. ಕೂರಿಸಿ, ಪೂರ್ತಿ ಹೆಸರು ಕೇಳಿ, ಕಾಫಿ ಕೊಟ್ಟು, “ಛೇ, ಬೆಳಗ್ಗೆ ತಾನೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು” ಅನ್ನುತ್ತಿದ್ದರು. ಅಡ್ವಾನ್ಸ್ ಯಾರೂ ಕೊಟ್ಟಿರುತ್ತಿರಲಿಲ್ಲ. ಕಾಫಿ ಲೋಟ ಒಳಗೆ ತಂದಿಡುತ್ತಿದ್ದವನು ನಾನೇ. ಆ ಬಾಡಿಗೆಯಲ್ಲಿ ನನ್ನ ಕಾಲೇಜಿನ ಫೀಸು ಹೋಗುತ್ತಿತ್ತು. ನಿಮ್ಮ ಪಕ್ಕದ ಮನೆಯಾಕೆಗೆ ತೋರಿಸಲು ಒಂದು ಕಾಗದವಾದರೂ ಇದೆ. ನಮ್ಮಲ್ಲಿ ಇದನ್ನೆಲ್ಲ ಯಾರೂ ಬರೆದಿಡಲಿಲ್ಲ. ಯಾವ ವಿಶ್ವವಿದ್ಯಾಲಯ ಬಂದರೂ ಇದರ ನಕ್ಷೆ ಮಾಡಲಾರದು.

ಅತ್ತು ಏನು ಬಂತು ಎಂದು ಕೇಳಿದಿರಲ್ಲ, ಬರೀ ಅತ್ತರೆ ಏನೂ ಬರುವುದಿಲ್ಲ, ನಿಮ್ಮ ಮಾತು ಒಪ್ಪಿದೆ. ಆದರೆ ಆಕೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. 1948ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಆ ಷರತ್ತುಗಳನ್ನು ಕೋರ್ಟಿನಲ್ಲಿ ಜಾರಿ ಮಾಡಿಸುವಂತಿಲ್ಲ. 1953ರಲ್ಲಿ ಮಿನೆಸೋಟ ರಾಜ್ಯ ಹೊಸದಾಗಿ ಬರೆಯುವುದನ್ನು ನಿಲ್ಲಿಸಿತು. ಆದರೂ ಹಳೆಯ ಸಾಲು ಪತ್ರದಲ್ಲಿ ಹಾಗೇ ಕೂತಿರುತ್ತದೆ. 2019ರಿಂದ ಮನೆಯ ಮಾಲೀಕರು ‘ಈ ಷರತ್ತು ನನಗೆ ಬೇಡ’ ಅಂತ ದಾಖಲೆ ಮಾಡಿಸಬಹುದು. ಹಳೆಯ ಸಾಲನ್ನು ಅಳಿಸುವುದಿಲ್ಲ, ಅದರ ಜೊತೆಗೆ ಇದೂ ಸೇರುತ್ತದೆ. ನನಗೆ ಆ ಏರ್ಪಾಡು ಇಷ್ಟವಾಯಿತು.

ನಿಮ್ಮ ಮಗಳ ಮನೆ ಯಾವ ಇಸವಿಯದ್ದು ಅಂತ ನೀವು ಬರೆದಿಲ್ಲ. ಹಳೆಯದಾದರೆ ಆ ನಕ್ಷೆಯಲ್ಲಿ ಹುಡುಕಿಸಿ. ಪಕ್ಕದ ಮನೆಯ ಪತ್ರದಲ್ಲಿದ್ದ ಸಾಲು ಈ ಮನೆಯ ಪತ್ರದಲ್ಲೂ ಇರಬಹುದು, ಮಾಲೀಕರ ಹೆಸರಿನ ಜಾಗದಲ್ಲಿ ಈಗ ನಿಮ್ಮ ಮಗಳ ಹೆಸರಿದ್ದರೂ. ಸಿಕ್ಕರೆ ಅದನ್ನು ಹಿಡಿದುಕೊಂಡು ಮುಂದಿನ ಕೂಟಕ್ಕೆ ಹೋಗಿ. ಸಿಗದಿದ್ದರೂ ಹೋಗಿ. ಆಕೆ ಅರ್ಜಿ ಕೊಟ್ಟರೋ ಇಲ್ಲವೋ ಕೇಳಿಕೊಂಡು ಬಂದು ನನಗೊಂದು ಸಾಲು ಬರೆಯಿರಿ.

— ಸಂ.