ಪ್ರೈಸ್ ಕ್ಯಾಪ್ ಇರುವುದು ರೇಟಿಗೆ, ಬಿಲ್ಲಿಗಲ್ಲ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತಲ್ಲ, ಒಳ್ಳೆಯದಾಯಿತು. ಪ್ರೈಸ್ ಕ್ಯಾಪ್, ಅಂದರೆ ಬೆಲೆಯ ಗರಿಷ್ಠ ಮಿತಿ, 1,755 ಪೌಂಡ್ ಅಂತ ನ್ಯೂಸಿನಲ್ಲಿ ಬಂದಿತ್ತು, ಹಾಗಾದರೆ ಗ್ಯಾಸು, ಕರೆಂಟು ಸೇರಿ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಬರುವುದಿಲ್ಲ ಅಲ್ವಾ ಎಂದು ಕೇಳಿದ್ದೀರಿ. ಬರುತ್ತದೆ. ಉರಿಸಿದಷ್ಟೂ ಬರುತ್ತದೆ.

ಇಲ್ಲಿನ ಗ್ಯಾಸು, ಕರೆಂಟು ಕಂಪನಿಗಳ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಕಟ್ಟಿಹಾಕುವುದು ಎರಡನ್ನು ಮಾತ್ರ: ಒಂದು ಯೂನಿಟ್ಟಿಗೆ (ಗ್ಯಾಸಿಗೂ ಕರೆಂಟಿಗೂ ಒಂದು ಕಿಲೋವ್ಯಾಟ್ ಗಂಟೆ) ಕಂಪನಿ ಎಷ್ಟು ಕೇಳಬಹುದು, ಬಳಸದಿದ್ದರೂ ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ ಎಷ್ಟು ಹಾಕಬಹುದು. ಮೂರು ತಿಂಗಳಿಗೊಮ್ಮೆ ಇದು ಬದಲಾಗುತ್ತದೆ. 1,755 ಎನ್ನುವುದು 2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕ್ಯಾಪ್ ಆಗಿತ್ತು. ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಬಳಸಿ ಡೈರೆಕ್ಟ್ ಡೆಬಿಟ್‌ನಲ್ಲಿ (ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ) ಬಿಲ್ ಕಟ್ಟುವ ಮನೆಗೆ ಹಾಕಿದ ಲೆಕ್ಕ ಅದು. ನಿಮ್ಮ ಮನೆ ಆ ಮನೆಯಲ್ಲ. ಕೈಕೂಸು ಇರುವ ಮನೆಯಲ್ಲಿ ಹೀಟಿಂಗ್ ಆಫ್ ಮಾಡಿ ಕೂರಲು ಆಗುತ್ತದೆಯೇ?

ಅದಕ್ಕೇ ಆ ದೊಡ್ಡ ಅಂಕಿ ಬಿಟ್ಟು ಪೆನ್ಸ್ (ನೂರು ಪೆನ್ಸಿಗೆ ಒಂದು ಪೌಂಡ್) ನೋಡಿ. ಆ ಮೂರು ತಿಂಗಳ ಸರಾಸರಿ ಮಿತಿ ಕರೆಂಟಿಗೆ ಯೂನಿಟ್ಟಿಗೆ 26.35 ಪೆನ್ಸ್, ಗ್ಯಾಸಿಗೆ 6.29 ಪೆನ್ಸ್ ಇತ್ತು. ಊರಿಂದೂರಿಗೆ, ಹಣ ಕಟ್ಟುವ ರೀತಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಕರೆಂಟು ಗ್ಯಾಸಿನ ನಾಲ್ಕು ಪಟ್ಟಿಗಿಂತ ದುಬಾರಿ ಎನ್ನುವುದನ್ನು ಗಮನಿಸಿ. ಆ ರೇಟಿನಲ್ಲಿ ಎರಡು ಕಿಲೋವ್ಯಾಟಿನ ಪ್ಲಗ್ ಹೀಟರ್ ಐದು ಗಂಟೆ ಹಾಕಿದರೆ ಹತ್ತು ಯೂನಿಟ್, ಅಂದರೆ 2 ಪೌಂಡ್ 63 ಪೆನ್ಸ್. ಅಷ್ಟೇ ಶಾಖವನ್ನು ಸರಿಯಾಗಿರುವ ಗ್ಯಾಸ್ ಬಾಯ್ಲರ್ ಸುಮಾರು 70 ಪೆನ್ಸಿಗೆ ಕೊಡುತ್ತದೆ. ಬಾಯ್ಲರ್ ಇರುವಾಗ ಉಳಿಸುತ್ತೇವೆಂದು ಸುಮ್ನೆ ಅಂಗಡಿಯಿಂದ ಹೀಟರ್ ತರಬೇಡಿ.

ಸ್ಟ್ಯಾಂಡಿಂಗ್ ಚಾರ್ಜ್ ಎಂದರೆ ಊರಲ್ಲಿ ಬೆಸ್ಕಾಂ ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕದ ಹಾಗೆ. ಗ್ಯಾಸು, ಕರೆಂಟು ಎರಡೂ ಸೇರಿ ಆ ಮೂರು ತಿಂಗಳಲ್ಲಿ ದಿನಕ್ಕೆ ಹತ್ತಿರ ಹತ್ತಿರ 88 ಪೆನ್ಸ್ ಇತ್ತು. ಆ ಲೆಕ್ಕದಲ್ಲಿ ಆರು ವಾರ ಊರಿಗೆ ಹೋಗಿ ಎಲ್ಲ ಆಫ್ ಮಾಡಿದರೂ 37 ಪೌಂಡ್ ಬಿದ್ದೇ ಬೀಳುತ್ತದೆ. ನನಗೆ ಇದು ಅನ್ಯಾಯ ಅನಿಸುತ್ತದೆ. ಮಿತವಾಗಿ ಬಳಸುವವರಿಗೇ ಇದರ ಹೊರೆ ಜಾಸ್ತಿ.

ಮನೆಗೆ ಹೋದ ದಿನವೇ ಎರಡೂ ಮೀಟರ್‌ಗಳ ಫೋಟೋ ತೆಗೆದು, ಆಗ ಆ ಮನೆಗೆ ಗ್ಯಾಸು, ಕರೆಂಟು ಕೊಡುತ್ತಿರುವ ಕಂಪನಿಗೆ ರೀಡಿಂಗ್ ಕಳಿಸಿ. ಇಲ್ಲದಿದ್ದರೆ ಹಿಂದಿದ್ದವರು ಉರಿಸಿದ್ದೂ ನಿಮ್ಮ ತಲೆಗೆ ಬರಬಹುದು. ಗ್ಯಾಸ್ ಮೀಟರ್ ಮೇಲೆ ಏನು ಬರೆದಿದೆ ನೋಡಿ. ಹೊಸದಾದರೆ ಕ್ಯೂಬಿಕ್ ಮೀಟರ್, ಒಂದಕ್ಕೆ ಸುಮಾರು 11 ಯೂನಿಟ್. ಹಳೆಯದಾದರೆ ನೂರು ಕ್ಯೂಬಿಕ್ ಅಡಿ, ಒಂದಕ್ಕೆ 31ರಿಂದ 32 ಯೂನಿಟ್. ಕಂಪನಿಯವರ ದಾಖಲೆಯಲ್ಲಿ ಕ್ಯೂಬಿಕ್ ಮೀಟರ್ ಹೋಗಿ ನೂರು ಕ್ಯೂಬಿಕ್ ಅಡಿ ಎಂದಾಗಿದ್ದರೆ ಗ್ಯಾಸಿನ ಲೆಕ್ಕ ಹೆಚ್ಚುಕಮ್ಮಿ ಮೂರು ಪಟ್ಟಾಗುತ್ತದೆ. ಬಿಲ್ಲಿನ ಹಿಂದಿನ ಪುಟದಲ್ಲಿ ಈ ಲೆಕ್ಕ ಇರುತ್ತದೆ, ಯಾರೂ ಓದುವುದಿಲ್ಲ.

ಡೈರೆಕ್ಟ್ ಡೆಬಿಟ್‌ನಲ್ಲಿ ತಿಂಗಳಿಗೆ ಹೋಗುವ ಮೊತ್ತವೂ ಅಂದಾಜೇ. ಬೇಸಿಗೆಯಲ್ಲಿ ಜಮಾ ಆಗುತ್ತದೆ, ಚಳಿಗಾಲದಲ್ಲಿ ಕರಗುತ್ತದೆ. ರೀಡಿಂಗ್ ತಾನೇ ಕಳಿಸುವ ಸ್ಮಾರ್ಟ್ ಮೀಟರ್ ಇಲ್ಲದಿದ್ದರೆ ತಿಂಗಳಿಗೊಮ್ಮೆ ನೀವೇ ರೀಡಿಂಗ್ ಕೊಡಿ.

ಕೊನೆಗೆ, ಕೆಲವು ಕಾಲ ರೇಟು ಬದಲಾಗದ ಫಿಕ್ಸ್ಡ್ ಡೀಲ್ ತೆಗೆದುಕೊಳ್ಳಬೇಕೇ ಎಂಬ ನಿಮ್ಮ ಪ್ರಶ್ನೆ. ಕ್ಯಾಪ್ ಅನ್ವಯಿಸುವುದು ಸ್ಟ್ಯಾಂಡರ್ಡ್ ವೇರಿಯಬಲ್ ಟ್ಯಾರಿಫ್‌ಗೆ, ಅಂದರೆ ಯಾವ ಡೀಲೂ ಆರಿಸದವರಿಗೆ ಬರುವ, ಬದಲಾಗುತ್ತಿರುವ ರೇಟಿಗೆ. ಫಿಕ್ಸ್ಡ್ ಅದಕ್ಕಿಂತ ಅಗ್ಗವೂ ಇರಬಹುದು, ದುಬಾರಿಯೂ ಇರಬಹುದು. ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಬಾಡಿಗೆದಾರರೂ ಕಂಪನಿ ಬದಲಿಸಬಹುದು. ಕಂಪನಿಯವರು ಹೇಳುವ ತಿಂಗಳ ಮೊತ್ತಕ್ಕೆ ಕಿವಿಗೊಡಬೇಡಿ. ಯೂನಿಟ್ ರೇಟು, ದಿನದ ಚಾರ್ಜು, ಮಧ್ಯದಲ್ಲಿ ಬಿಟ್ಟರೆ ಎಕ್ಸಿಟ್ ಫೀ ಎಷ್ಟು, ಇಷ್ಟನ್ನು ಕೇಳಿ. ನಿಮ್ಮ ಬಾಡಿಗೆ ಕರಾರು ಆರು ತಿಂಗಳದ್ದು ಅಂದಿರಿ, ಹಾಗಾಗಿ ಎಕ್ಸಿಟ್ ಫೀ ಇರುವ ಎರಡು ವರ್ಷದ ಡೀಲ್ ಈಗಲೇ ಬೇಡ.