ಡೆಬಿಯನ್ ಫ್ರೀಜ್‌ಗೆ ಮುಂಚೆ ನನ್ನ ಲೈಬ್ರರಿಯ 2.0 ಬಿಡುಗಡೆಗೆ ಅವಸರ ಮಾಡಲೇ, ಕಾಯಲೇ?

ಅಯ್ಯೋ, 2023ರ ಸಂಕ್ರಾಂತಿ ನೆನಪಾಯ್ತು. ಆಗ ಪುಣೆಯ ಕೊಥ್ರೂಡ್‌ನಲ್ಲಿದ್ದೆ. ಹವಾಮಾನ ಸೆನ್ಸರ್‌ಗಳ ಡೇಟಾ ಓದಲು ಬೇರೆ ಪ್ರೋಗ್ರಾಂಗಳು ಬಳಸುವ ಪುಟ್ಟ ಸಿ ಲೈಬ್ರರಿ ನನ್ನದು, ಡೆಬಿಯನ್ ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲೂ ಪ್ಯಾಕೇಜ್ ಆಗಿ ಇತ್ತು. ಪಕ್ಕದ ಮನೆಯವರು ತಿಳಗುಳ ಕೊಟ್ಟು ಹೋಗುವ ಹೊತ್ತಿಗೆ ಅದರ 3.0 ಆವೃತ್ತಿಗೆ ಬಿಡುಗಡೆಯ ಟ್ಯಾಗ್ ಹಾಕಿ ಕೂತಿದ್ದೆ. ಅಂದು ಜನವರಿ 15. ಡೆಬಿಯನ್ 12ರ ಟ್ರಾನ್ಸಿಷನ್ ಫ್ರೀಜ್, ಅಂದರೆ ಬಿಡುಗಡೆಗೆ ಮುಂಚೆ ದೊಡ್ಡ ಬದಲಾವಣೆಗಳಿಗೆ ಬಾಗಿಲು ಹಾಕುವ ಮೊದಲ ಹಂತ, ಶುರುವಾಗಿದ್ದು ಜನವರಿ 12ಕ್ಕೆ.

ಮೂರು ದಿನ ತಡವಾಗಿದ್ದರಿಂದ ಕೆಟ್ಟೆ ಅಂತ ತುಂಬಾ ದಿನ ನಂಬಿದ್ದೆ. ಸುಳ್ಳು. 3.0ರಲ್ಲಿ ಒಂದು ಸ್ಟ್ರಕ್ಟ್‌ನ (ಡೇಟಾವನ್ನು ಸಾಲಾಗಿ ಇಡುವ ರಚನೆ) ನಡುವೆ ಹೊಸ ಫೀಲ್ಡ್ ತೂರಿಸಿದ್ದೆ. ಹಾಗೆ ಮಾಡಿದರೆ ಮೊದಲೇ ಕಂಪೈಲ್ ಆದ ಪ್ರೋಗ್ರಾಂಗಳು ತಪ್ಪು ಜಾಗಕ್ಕೆ ಕೈ ಹಾಕುತ್ತವೆ. ಅದಕ್ಕೇ ಪ್ಯಾಕೇಜ್ ಹೆಸರಿನ ಅಂಕಿ ಬದಲಾಗಬೇಕು. ಹೊಸ ಹೆಸರು ಅಂದಮೇಲೆ ಹೊಸ ಪ್ಯಾಕೇಜ್‌ಗಳ ಸಾಲಾದ ನ್ಯೂ ಕ್ಯೂನಲ್ಲಿ ಪರಿಶೀಲನೆಗೆ ಕಾಯಬೇಕು. ಆಮೇಲೆ ಅದನ್ನು ಬಳಸುವ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಬೇಕು. ಟ್ರಾನ್ಸಿಷನ್ ಅನ್ನುವುದು ಇದನ್ನೇ.

ಅದೇ 3.0ರೊಳಗೆ ಒಂದು ಬಗ್‌ನ ತಿದ್ದುಪಡಿಯೂ ಇತ್ತು. ಮೈನಸ್ ಒಂದು ಡಿಗ್ರಿ ಬಂದರೆ ಹಳೆಯ 2.6 ಆವೃತ್ತಿ ಅದನ್ನು 65535 ಅಂತ ತೋರಿಸುತ್ತಿತ್ತು. (ಪುಣೆಯಲ್ಲಿ ಕೂತವನಿಗೆ ಇದೆಲ್ಲಿ ಗೊತ್ತಾಗಬೇಕು!) ಡೆಬಿಯನ್‌ನಲ್ಲಿ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಮೇಲ್ ಹಾಕಿದರು. 3.0 ಈಗ ಆಗುವುದಿಲ್ಲ, 2.6ಕ್ಕೆ ಆ ಒಂದು ಸಾಲು ಮಾತ್ರ ಕೊಡಿ, ಹಾಕುತ್ತೇನೆ ಅಂದರು. ಫೆಬ್ರವರಿ 12ಕ್ಕೆ ಸಾಫ್ಟ್ ಫ್ರೀಜ್ ಅನ್ನುವ ಮುಂದಿನ ಹಂತ ಬಂದಮೇಲೂ ಅಂಥ ಸಣ್ಣ ತಿದ್ದುಪಡಿಗೆ ದಾರಿ ಇತ್ತು.

ನಾನು ಜಗಳಕ್ಕೆ ನಿಂತೆ. ಹಳೆಯದನ್ನು ಮುಟ್ಟುವುದಿಲ್ಲ, ತಗೊಂಡರೆ 3.0 ತಗೊಳ್ಳಿ ಅಂದೆ. ಒಂದು ಸಾಲು, ಐದು ನಿಮಿಷದ ಕೆಲಸ! ಬಿಟ್ಟಿಯಾಗಿ ದುಡಿಯುತ್ತಿದ್ದ ಮನುಷ್ಯ ಏಪ್ರಿಲ್‌ನಲ್ಲಿ ಪ್ಯಾಕೇಜನ್ನೇ ಕೈಬಿಟ್ಟರು. ಜೂನ್ 10ಕ್ಕೆ ಡೆಬಿಯನ್ 12 ಬಂತು, 65535 ಡಿಗ್ರಿ ಸಮೇತ. ಕೊನೆಗೆ ಇನ್ನೊಬ್ಬರು ಕೈಗೆತ್ತಿಕೊಂಡು 3.0 ಸೇರಿಸಿದ್ದು ಡೆಬಿಯನ್ 13ಕ್ಕೆ. ಅದು ಬಂದಿದ್ದು 2025ರ ಆಗಸ್ಟ್ 9ಕ್ಕೆ. ಅಲ್ಲಿಯವರೆಗೆ ಪ್ರತಿ ಡಿಸೆಂಬರ್‌ನಲ್ಲೂ ಚಳಿ ದೇಶಗಳಿಂದ ಅದೇ ಬಗ್ ರಿಪೋರ್ಟ್.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. 2.0 ಯಾವಾಗ ಬೇಕಾದರೂ ಬರಲಿ, ಯಾರೂ ಅದಕ್ಕೆ ಕಾಯುತ್ತಿಲ್ಲ. ಇವತ್ತೇ ಹಳೆಯ 1.xಗೆ ಬೇರೆ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆಗೆಯಿರಿ, ಬಗ್ ತಿದ್ದುಪಡಿಗಳನ್ನಷ್ಟೇ ಹಾಕಿ ಬಿಡುಗಡೆ ಮಾಡಿ. ಡೆಬಿಯನ್ ಮೇಲೆಯೇ ಕಟ್ಟಿದ ಉಬುಂಟುಗೆ ಅಂತ ಬೇರೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿನ ಪ್ಯಾಕೇಜ್‌ಗಳು ಜಾಸ್ತಿ ಡೆಬಿಯನ್‌ನಿಂದಲೇ ಹೋಗುವುದು. ನಿಮ್ಮ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಈಗಲೇ ಮೇಲ್ ಹಾಕಿ. ಸ್ಟ್ರಕ್ಟ್ ಮುಟ್ಟಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ.